ಎಲ್ಲ ನೋವೂ ‘ವಾಯು’ ಅಲ್ಲ: ಮಂಡಿ, ಸೊಂಟ, ನರದ ತೊಂದರೆ ಗುರುತಿಸೋದು ಹೇಗೆ?

ಚಾಮರಾಜನಗರ: ನಗರದ ದೊಡ್ಡಂಗಡಿ ಬೀದಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ನಿಂತೇ ವ್ಯಾಪಾರ ಮಾಡೋರು, ತೆರಕಣಾಂಬಿ ಮಾರುಕಟ್ಟೆಯಲ್ಲಿ ತರಕಾರಿ ಮೂಟೆ ಹೊರೋರು, ಗುಂಡ್ಲುಪೇಟೆ ಸುತ್ತಮುತ್ತ ದಿನವಿಡೀ ಬಗ್ಗಿ ಚೆಂಡುಹೂ ಕೊಯ್ಯೋರು. ಇವರೆಲ್ಲರ ಬಾಯಲ್ಲೂ ಒಂದೇ ಮಾತು, ‘ವಾಯು ಹಿಡ್ಕಂಡದ’. ಮಂಡಿ ನೋವಾದರೂ ವಾಯು, ಸೊಂಟ ಹಿಡಿದರೂ ವಾಯು, ಕೈ ಜೋಮು ಹಿಡಿದರೂ ವಾಯು. ಅಂಗಡಿ ಮುಚ್ಚಿದ್ರೆ ಅವತ್ತಿನ ವ್ಯಾಪಾರ ಹೋಯ್ತು ಅಂತ ಮೆಡಿಕಲ್ ಸ್ಟೋರ್‌ನಲ್ಲಿ ಎರಡು ನೋವಿನ ಮಾತ್ರೆ ತಗೊಂಡು ಮತ್ತೆ ಕೆಲಸಕ್ಕೆ ನಿಲ್ತಾರೆ.

ಆದರೆ ತೊಂದರೆ ಇರೋದು ಕೀಲಿನಲ್ಲೋ, ಸ್ನಾಯುವಿನಲ್ಲೋ, ನರದಲ್ಲೋ ಅನ್ನೋದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಕೆಲವು ನೋವು ತಾನಾಗಿ ವಾಸಿಯಾಗುತ್ತವೆ. ಕೆಲವಕ್ಕೆ ತಡ ಮಾಡಿದರೆ ಕೈಕಾಲೇ ಹೋಗಬಹುದು.

ಮಂಡಿ ನೋವು: ಸವೆತವೋ, ಸಂಧಿವಾತವೋ?

ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣೋದು ಮಂಡಿ ಸವೆತ. ಮೂಳೆಗಳ ತುದಿಯಲ್ಲಿರುವ ನುಣುಪಾದ ಪದರ ತೆಳುವಾಗುತ್ತಾ ಬರುತ್ತದೆ. ಮೆಟ್ಟಿಲು ಹತ್ತುವಾಗ, ಕುಂತು ಏಳುವಾಗ ನೋವು ಜಾಸ್ತಿ. ಬೆಳಗ್ಗೆ ಎದ್ದಾಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ಸಂಧಿವಾತ ಬೇರೆ. ಎರಡೂ ಕೈ ಬೆರಳುಗಳ ಸಣ್ಣ ಕೀಲುಗಳು ಊದಿಕೊಂಡು, ಬೆಳಗ್ಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿಯಾಗಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಮೂವತ್ತು ದಾಟಿದ ಹೆಣ್ಣುಮಕ್ಕಳಲ್ಲೂ ಇದು ಬರುತ್ತದೆ. ಬೇಗ ಔಷಧಿ ಶುರು ಮಾಡಿದರೆ ಬೆರಳು ಸೊಟ್ಟಗಾಗೋದನ್ನು ತಡೆಯಬಹುದು.

ಸವೆತ ಇದ್ದವರು ನಡೆಯೋದನ್ನೇ ಬಿಟ್ಟುಬಿಡುತ್ತಾರೆ. ಆಗ ತೊಡೆಯ ಸ್ನಾಯು ಸೊರಗಿ ಪೂರ್ತಿ ಭಾರ ಮಂಡಿ ಮೇಲೇ ಬೀಳುತ್ತದೆ. ಕುರ್ಚಿ ಮೇಲೆ ಕೂತು ಒಂದು ಕಾಲು ನೇರ ಚಾಚಿ, ಐದು ಎಣಿಸೋವರೆಗೆ ಹಿಡಿದು ಇಳಿಸಬೇಕು. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಅಂಗಡಿ ಗಲ್ಲಾ ಮುಂದೆ ಕೂತೂ ಇದನ್ನು ಮಾಡಬಹುದು. ಮೈತೂಕ ಇಳಿದರೂ ಮಂಡಿಗೆ ಆರಾಮ.

ಸೊಂಟ ಹಿಡಿದರೆ ಮಲಗಿಬಿಡಬೇಡಿ

ಮೂಟೆ ಎತ್ತಿ ಸೊಂಟ ಹಿಡಿದರೆ ಹೆಚ್ಚಿನವರಿಗೆ ಅದು ಸ್ನಾಯುವಿನ ನೋವು. ಬಹುಪಾಲು ಆರು ವಾರದೊಳಗೆ ಕಡಿಮೆಯಾಗುತ್ತದೆ. ಒಂದೆರಡು ದಿನ ಸುಧಾರಿಸಿಕೊಂಡು ಮೆಲ್ಲಗೆ ಓಡಾಡಬೇಕು. ವಾರಗಟ್ಟಲೆ ಮಲಗಿದರೆ ಬೆನ್ನು ಇನ್ನೂ ಬಿಗಿಯಾಗುತ್ತದೆ. ಮೂಟೆ ಎತ್ತುವಾಗ ಮಂಡಿ ಬಗ್ಗಿಸಿ, ಮೈಗೆ ಒತ್ತಿ ಹಿಡಿದು ಎತ್ತಿ. ಸೊಂಟ ಮಾತ್ರ ಬಗ್ಗಿಸಿ ಎತ್ತಬೇಡಿ.

ನೋವು ಪೃಷ್ಠದಿಂದ ಮಂಡಿ ಕೆಳಗಿನವರೆಗೂ ಎಳೆದಂತೆ ಇಳಿದರೆ ಬೆನ್ನುಮೂಳೆಯ ಡಿಸ್ಕ್ ನರವನ್ನು ಒತ್ತಿರಬಹುದು. ಪಾದ ಎತ್ತಲಾಗದಿದ್ದರೆ, ತೊಡೆ ಸಂದಿ ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಕಾಲು ಉಳುಕಿದಾಗ ಎಳೆದು ತೆಗೆಸೋದು ನಮ್ಮ ಕಡೆ ರೂಢಿ. ಒಳಗೆ ಮೂಳೆ ಮುರಿದಿದ್ದರೆ ಹಾಗೆ ಎಳೆದಾಗ ಜಾಸ್ತಿ ಹಾನಿ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ತಿಕ್ಕಬೇಡಿ. ಕಾಲೂರಲು ಆಗದಿದ್ದರೆ ಎಕ್ಸ್‌ರೇ ತೆಗೆಸಿ.

ಜೋಮು, ಉರಿ ಇದ್ದರೆ ನರದ ಕಡೆ ನೋಡಿ

ರಾತ್ರಿ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರೋ ಸಾಧ್ಯತೆ ಇದೆ. ಕೈಗೆ ಒಂದೇ ಕೆಲಸ ಕೊಡೋರಲ್ಲಿ ಇದು ಹೆಚ್ಚು. ಮಲಗುವಾಗ ಮಣಿಕಟ್ಟು ನೇರ ನಿಲ್ಲಿಸೋ ಪಟ್ಟಿ ಕಟ್ಟಿದರೆ ಹಲವರಿಗೆ ವಾಸಿಯಾಗುತ್ತದೆ.

ಎರಡೂ ಅಂಗಾಲು ಉರಿ ಅಥವಾ ಮರಗಟ್ಟಿದ್ದರೆ ಮೊದಲು ಶುಗರ್ ಪರೀಕ್ಷೆ ಮಾಡಿಸಿ. ಶುಗರ್ ಇದ್ದವರಿಗೆ ಭುಜ ಬಿಗಿದು ಕೈ ಮೇಲೆತ್ತಲಾಗದ ತೊಂದರೆಯೂ ಹೆಚ್ಚು. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಸುಕು ಮಚ್ಚೆ ಇದ್ದರೆ ಕುಷ್ಠರೋಗ ಇರಬಹುದು, ನಾಚಿಕೆ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ.

ಲಕ್ವ ಹೊಡೆದರೆ ನಾಟಿ ಔಷಧಿಗೆ ಓಡಬೇಡಿ

ಬಾಯಿ ಒಂದು ಕಡೆ ಸೊಟ್ಟಗಾಗೋದು, ಒಂದು ಕೈ ಬಿದ್ದುಹೋಗೋದು, ಮಾತು ತೊದಲೋದು. ಇದರಲ್ಲಿ ಒಂದು ದಿಢೀರ್ ಕಂಡರೂ 108ಕ್ಕೆ ಕರೆ ಮಾಡಿ. ಲಕ್ವ ಮಿದುಳಿನ ರಕ್ತನಾಳದ ತೊಂದರೆ. ನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸೋ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಚಾಮರಾಜನಗರ, ಗುಂಡ್ಲುಪೇಟೆ ಎರಡರಿಂದಲೂ ಮೈಸೂರು ಸುಮಾರು 60 ಕಿ.ಮೀ. ದೂರ. ‘ಬೆಳಗ್ಗೆ ನೋಡುವ’ ಅಂದರೆ ಆ ಹೊತ್ತು ಮುಗಿದುಹೋಗಿರುತ್ತದೆ. ತೊಂದರೆ ಶುರುವಾದ ಸಮಯವನ್ನು ನೆನಪಿಟ್ಟು ವೈದ್ಯರಿಗೆ ಹೇಳಿ.

ಮನೆಗೆ ಬಂದ ಮೇಲೂ ಕೆಲಸ ಮುಗಿಯಲ್ಲ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಕಳೆದುಕೊಂಡ ಚಲನೆಯನ್ನು ಪದೇ ಪದೇ ಮಾಡಿಸಿದಾಗ ಮಿದುಳು ಅದನ್ನು ಮತ್ತೆ ಕಲಿಯುತ್ತದೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ಮನೆಯವರು ದಿನಾ ಮಾಡಿಸಬೇಕು. ಬಿದ್ದ ಕೈ ಹಿಡಿದು ಎಳೆದು ಎಬ್ಬಿಸಬಾರದು, ಭುಜದ ಕೀಲು ಜಾರುತ್ತದೆ. ಮಲಗಿದಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಎಲ್ಲಿಗೆ ಹೋಗೋದು?

ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಹೆಚ್ಚಿನ ತಪಾಸಣೆ ಬೇಕಾದವರಿಗೆ ಯಡಬೆಟ್ಟದ ಬಳಿ ಸಿಮ್ಸ್‌ನ 450 ಹಾಸಿಗೆಯ ಬೋಧನಾ ಆಸ್ಪತ್ರೆ ಇದೆ. 2021ರ ಅಕ್ಟೋಬರ್‌ನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಅದನ್ನು ಉದ್ಘಾಟಿಸಿದ್ದರು. ವೈದ್ಯರು ಬರೀ ಮಾತ್ರೆ ಬರೆದರೆ ‘ವ್ಯಾಯಾಮ ಏನು ಮಾಡ್ಬೇಕು ಸಾರ್?’ ಅಂತ ನೀವೇ ಕೇಳಿ. ಅಂಗವೈಕಲ್ಯ ಉಳಿದರೆ ಯು.ಡಿ.ಐ.ಡಿ. ಕಾರ್ಡಿಗಾಗಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು.

ಗಮನಿಸಿ: ನೋವಿನ ಮಾತ್ರೆಯನ್ನು ಚೀಟಿ ಇಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಕೆಡಬಹುದು. ಬಿ.ಪಿ., ಶುಗರ್ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ.