ಬೀಗ ಬಿದ್ದ ವಾಚನಾಲಯ, ಮನೆಬಾಗಿಲಿಗೆ ಬಂದ ಪುಸ್ತಕ

ಊರಿನ ವಾಚನಾಲಯಕ್ಕೆ ದಿನವೂ ತಪ್ಪದೆ ಬರುವವರು ಯಾರು? ಬೆಳಗ್ಗೆ ಪತ್ರಿಕೆ ಓದಲು ಬರುವ ಹಿರಿಯರು, ಸಂಜೆ ಶಾಲೆ ಬಿಟ್ಟ ಮೇಲೆ ಚಿತ್ರಪುಸ್ತಕ ತಿರುವಿ ಹಾಕಲು ಬರುವ ಮಕ್ಕಳು. ನಡುವಯಸ್ಸಿನವರಿಗೆ ಹೇಗೂ ಪುರುಸೊತ್ತು ಇರುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಬರುತ್ತಿತ್ತು. 65 ವರ್ಷ ದಾಟಿದವರು ಮತ್ತು 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕು ಎಂಬುದು ಆ ಸೂಚನೆ. ಅಂದರೆ ವಾಚನಾಲಯದ ಅತ್ಯಂತ ನಂಬಿಕಸ್ಥ ಓದುಗರು ಯಾರೋ ಅವರಿಗೇ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಿರುವಾಗ ಬಾಗಿಲು ತೆರೆದರೂ ಏನು ಪ್ರಯೋಜನ?

ಬ್ಯಾಂಕಿಗೆ, ರೇಶನ್ ಅಂಗಡಿಗೆ ಇಲ್ಲದ ಒಂದು ಕಷ್ಟ ಗ್ರಂಥಾಲಯಕ್ಕೆ ಬಂದದ್ದು ಹೀಗೆ. ಆ ಎರಡು ವರ್ಷಗಳಲ್ಲಿ ಗ್ರಂಥಾಲಯಗಳು ಏನೇನು ಮಾಡಿದವು, ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಇಲ್ಲಿ ನೋಡೋಣ. ಗಡಿಯ ಎರಡೂ ಬದಿಯ ವ್ಯವಸ್ಥೆ ಕಂಡಿರುವ ನಮ್ಮವರಿಗೆ ಇದನ್ನು ತಾಳೆ ಹಾಕಿ ನೋಡುವುದು ಸುಲಭ.

ಕಾಸರಗೋಡಿನವರಿಗೆ ಆ ದಿನಗಳನ್ನು ನೆನಪಿಸಬೇಕಾದ ಅಗತ್ಯವಿಲ್ಲ. ದೇಶದ ಮೊದಲ ಮೂರು ಕೊರೊನಾ ಪ್ರಕರಣಗಳೂ ಕೇರಳದಲ್ಲೇ ಪತ್ತೆಯಾದವು. ಮೂರನೆಯದು, 2020ರ ಫೆಬ್ರವರಿ 3ರದ್ದು, ಕಾಸರಗೋಡಿನದು. ಮಾರ್ಚಿಯಲ್ಲಿ ಸಂಖ್ಯೆ ಏರಿತು. 24ರ ಮಧ್ಯರಾತ್ರಿಯಿಂದ ದೇಶಕ್ಕೇ ಲಾಕ್‌ಡೌನ್. ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ತಲಪಾಡಿಯಲ್ಲಿ ರೋಗಿಗಳು ತಡೆಯಲ್ಪಟ್ಟರು, ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಆಸ್ಪತ್ರೆಗೇ ದಾರಿ ಇಲ್ಲದಾಗ ವಾಚನಾಲಯದ ಚಿಂತೆ ಯಾರಿಗೆ! ಆದರೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಮನೆಯೊಳಗೆ ಕುಳಿತವರಿಗೆ ಓದಲು ಏನಾದರೂ ಬೇಕು ಎನಿಸತೊಡಗಿತು.

ಪುಸ್ತಕ ಮುಟ್ಟಬಹುದೇ?

ಮೊದಲು ಎದ್ದದ್ದು ಇದೇ ಪ್ರಶ್ನೆ. ಒಂದು ಪುಸ್ತಕ ಹತ್ತು ಮನೆ ಸುತ್ತುತ್ತದೆ. ಎಂಜಲು ಮಾಡಿ ಪುಟ ತಿರುವುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಜನರಿಗೆ ಇದೆ. ದಿನಪತ್ರಿಕೆಯನ್ನು ಮುಟ್ಟಲೂ ಜನ ಹೆದರಿದ ಕಾಲ ಅದು. ಮಹಾರಾಷ್ಟ್ರ ಸರಕಾರ 2020ರ ಏಪ್ರಿಲ್‌ನಲ್ಲಿ ಮನೆಮನೆಗೆ ಪತ್ರಿಕೆ ಹಾಕುವುದನ್ನೇ ತಡೆದು, ಆಮೇಲೆ ಕೆಲವೆಡೆ ಸಡಿಲಿಸಿತು.

ಅಮೆರಿಕದ ಗ್ರಂಥಾಲಯಗಳ ಸಹಕಾರಿ ಸಂಸ್ಥೆಯಾದ ಒಸಿಎಲ್‌ಸಿ, ಬ್ಯಾಟೆಲ್ ಎಂಬ ಸಂಶೋಧನಾ ಸಂಸ್ಥೆಯ ಜತೆ ಸೇರಿ ಇದನ್ನೇ ಪರೀಕ್ಷೆಗೆ ಹಚ್ಚಿತು. ರಟ್ಟು, ಹೊದಿಕೆಯ ಪ್ಲಾಸ್ಟಿಕ್, ಮುಚ್ಚಿದ ಪುಸ್ತಕದ ಒಳಪುಟ ಇವುಗಳ ಮೇಲೆ ವೈರಸ್ ಹಾಕಿ ಎಷ್ಟು ದಿನ ಉಳಿಯುತ್ತದೆ ಎಂದು ನೋಡಿದರು. 2020ರ ಜೂನ್‌ನಲ್ಲಿ ಬಂದ ಮೊದಲ ಫಲಿತಾಂಶದ ಪ್ರಕಾರ ಮೂರು ದಿನಗಳ ನಂತರ ವೈರಸ್ ಪತ್ತೆಯಾಗಲಿಲ್ಲ. ಸರಿ, ಹಿಂದೆ ಬಂದ ಪುಸ್ತಕವನ್ನು ಮೂರು ದಿನ ಬೇರೆ ಇಟ್ಟರಾಯಿತು ಎಂದುಕೊಂಡರು. ಆದರೆ ಮುಂದಿನ ಒಂದು ಪರೀಕ್ಷೆಯಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿಟ್ಟರು. ನಿಜವಾದ ವಾಚನಾಲಯದಲ್ಲಿ ಇಡುವುದೂ ಹಾಗೆಯೇ ತಾನೆ! ಆಗ ಆರು ದಿನಗಳಾದರೂ ಕುರುಹು ಸಿಕ್ಕಿತು. ಗಾಳಿಯಾಡದೆ ಒತ್ತೊತ್ತಾಗಿ ಇದ್ದರೆ ಹೆಚ್ಚು ದಿನ, ಬಿಡಿಬಿಡಿಯಾಗಿ ಹರಡಿಟ್ಟರೆ ಕಡಿಮೆ ದಿನ.

ಸ್ಯಾನಿಟೈಸರ್ ಸಿಂಪಡಿಸಬಾರದೇ ಎಂದು ಕೇಳಿದವರೂ ಇದ್ದರು. ಹಾಗೆ ಮಾಡಿದರೆ ವೈರಸ್ ಜತೆಗೆ ಪುಸ್ತಕವೂ ಹಾಳು. ಶಾಯಿ ಹರಡುತ್ತದೆ, ಅಂಟು ಬಿಡುತ್ತದೆ. ಏನೂ ಮಾಡದೆ ಸುಮ್ಮನೆ ಒಂದು ಮೂಲೆಯಲ್ಲಿ ಇಡುವುದೇ ಖರ್ಚಿಲ್ಲದ ಮದ್ದು ಎಂದು ಪುಸ್ತಕ ಸಂರಕ್ಷಣೆ ಬಲ್ಲವರು ಹೇಳಿದರು. ಹೀಗೆ ಮನುಷ್ಯರಂತೆ ಪುಸ್ತಕಗಳಿಗೂ ಕ್ವಾರಂಟೈನ್ ಬಂತು. ಒಂದು ರಟ್ಟಿನ ಪೆಟ್ಟಿಗೆ, ಅದರ ಮೇಲೆ ವಾಪಸಾದ ತಾರೀಕು, ಅಷ್ಟೆ.

2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು, ವಸ್ತುಗಳನ್ನು ಮುಟ್ಟುವುದರಿಂದ ಸೋಂಕು ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ರೋಗ ಹರಡುವುದು ಮುಖ್ಯವಾಗಿ ಉಸಿರಿನ ಮೂಲಕ. ಹಾಗಾದರೆ ಅಪಾಯ ಇದ್ದದ್ದು ಪುಸ್ತಕದಲ್ಲಿ ಅಲ್ಲ, ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಹತ್ತು ಜನ ಒಟ್ಟಿಗೆ ಕುಳಿತು ಓದುವುದರಲ್ಲಿ. ಪುಸ್ತಕವನ್ನು ಮನೆಗೆ ಕೊಂಡುಹೋಗುವುದು ಕೋಣೆಯಲ್ಲಿ ಕುಳಿತು ಓದುವುದಕ್ಕಿಂತ ಎಷ್ಟೋ ಸುರಕ್ಷಿತವಾಗಿತ್ತು. ಇದು ಮೊದಲೇ ಗೊತ್ತಿದ್ದರೆ ಕಪಾಟುಗಳಿಗೆ ಅಷ್ಟು ತಿಂಗಳು ಬೀಗ ಹಾಕಬೇಕಿರಲಿಲ್ಲವೇನೋ.

ಚೀಲ ಹೊತ್ತು ನಡೆದವರು

ಕೇರಳದ ಹಳ್ಳಿಗಳ ವಾಯನಶಾಲೆಗಳು ಸರಕಾರಿ ಕಚೇರಿಗಳಲ್ಲ. ಊರವರೇ ಸದಸ್ಯರಾಗಿ, ಸಮಿತಿ ಮಾಡಿಕೊಂಡು ನಡೆಸುತ್ತಾರೆ. ಪಿ.ಎನ್. ಪಣಿಕ್ಕರ್ ಅವರು 1945ರಲ್ಲಿ ತಿರುವಾಂಕೂರಿನ 47 ಗ್ರಂಥಾಲಯಗಳನ್ನು ಒಂದು ಸಂಘದ ಅಡಿಗೆ ತಂದಾಗ ಶುರುವಾದ ಕ್ರಮ ಇದು. 1989ರ ಕಾಯ್ದೆಯ ನಂತರ ಗ್ರಂಥಾಲಯ ಪರಿಷತ್ತು ಅನುದಾನ ಕೊಡುತ್ತದೆ. ಕಟ್ಟಡ ತೆರಿಗೆಯ ಮೇಲೆ ಶೇ. 5ರ ಸೆಸ್ ಇದಕ್ಕಾಗಿಯೇ ಸಂಗ್ರಹವಾಗುತ್ತದೆ. ಆದರೆ ಕೀಲಿಕೈ ಇರುವುದು ಊರವರ ಕೈಯಲ್ಲಿ. ಕರ್ನಾಟಕದಲ್ಲಿ 1965ರ ಕಾಯ್ದೆ, ಶೇ. 6ರ ಸೆಸ್, ಸರಕಾರದ್ದೇ ಗ್ರಂಥಾಲಯ. ಈ ವ್ಯತ್ಯಾಸ ಕೊರೊನಾ ಕಾಲದಲ್ಲಿ ಚೆನ್ನಾಗಿ ಎದ್ದು ಕಂಡಿತು. ಕೇರಳದಲ್ಲಿ ಮೇಲಿನ ಆದೇಶಕ್ಕೆ ಕಾಯದೆ ಊರಿನ ಸಮಿತಿಯೇ ಕೆಲಸಕ್ಕೆ ಇಳಿಯಬಹುದಿತ್ತು. ಕರ್ನಾಟಕದಲ್ಲಿ ಆದೇಶ ಬರುವವರೆಗೆ ಕಾಯಬೇಕಿತ್ತು, ಆದರೆ ಬಂದ ಮೇಲೆ ಅದು ಸಾವಿರಾರು ಹಳ್ಳಿಗಳಿಗೆ ಒಟ್ಟಿಗೇ ಅನ್ವಯವಾಯಿತು.

ಪುಸ್ತಕವನ್ನು ಮನೆಗೆ ತಲುಪಿಸುವ ಪದ್ಧತಿ ಕೇರಳದಲ್ಲಿ ಕೊರೊನಾಕ್ಕೆ ಹುಟ್ಟಿದ್ದಲ್ಲ. ಮನೆಗೆಲಸ ಬಿಟ್ಟು ವಾಯನಶಾಲೆಗೆ ಬರಲಾಗದ ಮಹಿಳೆಯರಿಗೆ, ನಡೆಯಲಾಗದ ಹಿರಿಯರಿಗೆ ಪುಸ್ತಕ ಒಯ್ದು ಕೊಡಲು ಗ್ರಂಥಾಲಯ ಪರಿಷತ್ತಿನ ಯೋಜನೆ ಮೊದಲೇ ಇತ್ತು. ವಯನಾಡಿನ ಗುಡ್ಡದ ದಾರಿಗಳಲ್ಲಿ ಚೀಲದಲ್ಲಿ ಇಪ್ಪತ್ತು ಇಪ್ಪತ್ತೈದು ಪುಸ್ತಕ ಹೊತ್ತು ದಿನಕ್ಕೆ ಕೆಲವು ಕಿಲೋಮೀಟರ್ ನಡೆಯುವ ಮಹಿಳೆಯ ಸುದ್ದಿ ಆ ವರ್ಷ ಪತ್ರಿಕೆಗಳಲ್ಲಿ ಬಂದಾಗ ಹೊರಗಿನವರಿಗೆ ಆಶ್ಚರ್ಯವಾಯಿತು. ಆದರೆ ಅವರು ಎಷ್ಟೋ ವರ್ಷಗಳಿಂದ ಹಾಗೆಯೇ ನಡೆಯುತ್ತಿದ್ದವರು.

ಹೀಗೆ ನಡೆಯುವವರಿಗೆ ಯಾವ ಮನೆಯಲ್ಲಿ ಯಾರು ಏನು ಓದುತ್ತಾರೆ ಎಂಬುದು ಗೊತ್ತಿರುತ್ತದೆ. ಗಡಿ ಊರುಗಳಲ್ಲಿ ಇದಕ್ಕೆ ಇನ್ನೂ ಒಂದು ಅರ್ಥವಿದೆ. ಒಂದೇ ಮನೆಯಲ್ಲಿ ಅಜ್ಜಿಗೆ ಕನ್ನಡ ಕಾದಂಬರಿ, ಮೊಮ್ಮಗಳಿಗೆ ಮಲಯಾಳದ ಕತೆಪುಸ್ತಕ ಬೇಕಾದೀತು. ಸರಕಾರದ ಪಟ್ಟಿಯಲ್ಲಿ ಅದು ಒಂದು ಮನೆ, ಒಂದು ಭಾಷೆ. ಚೀಲ ಹೊತ್ತು ಬರುವವರಿಗೆ ಎರಡು ಪುಸ್ತಕ.

ವಾಯನಶಾಲೆಯಲ್ಲಿ ಟೀವಿ ಪಾಠ

2020ರ ಜೂನ್ 1ಕ್ಕೆ ಕೇರಳದಲ್ಲಿ ಶಾಲಾ ವರ್ಷ ಶುರುವಾಯಿತು, ಶಾಲೆ ಮಾತ್ರ ತೆರೆಯಲಿಲ್ಲ. ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಎಂಬ ಪಾಠಗಳು ಬಂದವು. ಆದರೆ ಸುಮಾರು 2.61 ಲಕ್ಷ ಮಕ್ಕಳಿಗೆ ಮನೆಯಲ್ಲಿ ಟೀವಿಯೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ ಎಂದು ಸಮಗ್ರ ಶಿಕ್ಷಾ ಲೆಕ್ಕ ಹಾಕಿತ್ತು. ಆ ಮಕ್ಕಳನ್ನು ಎಲ್ಲಿ ಕೂರಿಸುವುದು? ಅಂಗನವಾಡಿ, ಸಮುದಾಯ ಭವನಗಳ ಜತೆಗೆ ವಾಯನಶಾಲೆಗಳೂ ಕಲಿಕಾ ಕೇಂದ್ರಗಳಾದವು. ಇಂಥ ಕೇಂದ್ರಗಳಿಗೆ ಟೀವಿ ಕೊಳ್ಳುವ ಖರ್ಚಿನ ಶೇ. 75ರಷ್ಟನ್ನು ಸರಕಾರಿ ಚಿಟ್ಟಿ ಸಂಸ್ಥೆಯಾದ ಕೆಎಸ್‌ಎಫ್‌ಇ ಭರಿಸುವುದೆಂದು ತೀರ್ಮಾನವಾಯಿತು. ಉಳಿದದ್ದು ಸ್ಥಳೀಯ ಸಂಸ್ಥೆಗಳು, ದಾನಿಗಳದ್ದು. ಪತ್ರಿಕೆ ಹರಡುತ್ತಿದ್ದ ಮೇಜನ್ನು ಗೋಡೆಗೆ ಸರಿಸಿ, ಅಂತರ ಬಿಟ್ಟು ಕುರ್ಚಿ ಹಾಕಿದರೆ ತರಗತಿ ಸಿದ್ಧ.

ಇಲ್ಲಿ ನಮ್ಮ ಮಕ್ಕಳಿಗೆ ಒಂದು ತೊಡಕು ಬಂತು. ಮುಖ್ಯ ವಾಹಿನಿಯ ಪಾಠಗಳು ಮಲಯಾಳದಲ್ಲಿದ್ದವು. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಪಾಠಗಳನ್ನು ಬೇರೆಯಾಗಿಯೇ ಸಿದ್ಧಪಡಿಸಿ ಹೆಚ್ಚಾಗಿ ಇಂಟರ್‌ನೆಟ್ ಮೂಲಕ ಕೊಡಬೇಕಾಯಿತು. ಆದ್ದರಿಂದ ಬರೇ ಟೀವಿ ಇಟ್ಟರೆ ಅವರಿಗೆ ಸಾಲದು. ನೆಟ್ ಬೇಕು, ಪಾಠವನ್ನು ಹುಡುಕಿ ಹಾಕಿಕೊಡಲು ಕನ್ನಡ ಬಲ್ಲ ಒಬ್ಬರು ಬೇಕು. ಭಾಷಾ ಅಲ್ಪಸಂಖ್ಯಾತರಿಗೆ ಯಾವ ಯೋಜನೆಯೂ ಎರಡನೆಯ ಕಂತಿನಲ್ಲೇ ತಲುಪುವುದು ಎಂಬ ಹಳೆಯ ಅನುಭವ ಇಲ್ಲೂ ತಪ್ಪಲಿಲ್ಲ.

ಗಡಿಯಾಚೆ ‘ಓದುವ ಬೆಳಕು’

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 5,600ಕ್ಕೂ ಹೆಚ್ಚು. 2019ರಲ್ಲಿ ಅವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಎಷ್ಟೋ ಕಡೆ ಒಂದು ಕೋಣೆ, ಎರಡು ಕಪಾಟು, ಹಳೆಯ ಪತ್ರಿಕೆಗಳ ಕಟ್ಟು, ಇಷ್ಟೇ ಇದ್ದದ್ದು. ಮರುವರ್ಷವೇ ಕೊರೊನಾ. ಶಾಲೆ ಮುಚ್ಚಿ ತಿಂಗಳುಗಟ್ಟಲೆ ಆಯಿತು. ಶಿಕ್ಷಕರೇ ಊರೂರಿಗೆ ಹೋಗಿ ಮರದಡಿ, ದೇವಸ್ಥಾನದ ಜಗಲಿಯಲ್ಲಿ ಕಲಿಸುವ ‘ವಿದ್ಯಾಗಮ’ 2020ರ ಆಗಸ್ಟಿನಲ್ಲಿ ಶುರುವಾಗಿ, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತಿತು. ಮಕ್ಕಳ ಕೈಯಿಂದ ಪುಸ್ತಕ ಜಾರಿಹೋಗುವ ಹೊತ್ತಿನಲ್ಲಿ, ನವೆಂಬರಿನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಬಂತು. 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಸದಸ್ಯತ್ವದ ಶುಲ್ಕ ಸಣ್ಣದೇ ಇರಬಹುದು, ಆದರೆ ಕೂಲಿ ನಿಂತುಹೋದ ಮನೆಯಲ್ಲಿ ಅದನ್ನು ಕೇಳುವ ಧೈರ್ಯ ಮಗುವಿಗೆ ಎಲ್ಲಿಂದ ಬರಬೇಕು? ಆ ಅಡ್ಡಿ ಹೋಯಿತು. ಮನೆಗಳಲ್ಲಿ ಓದಿ ಮುಗಿದ ಪುಸ್ತಕಗಳನ್ನು ಕೇಳಿ ಪಡೆಯುವ ‘ಪುಸ್ತಕ ಜೋಳಿಗೆ’ಯೂ ನಡೆಯಿತು.

ಇದಕ್ಕೆ ಕೆಲವು ತಿಂಗಳ ಮೊದಲು, ಲಾಕ್‌ಡೌನ್‌ಗೆ ತುಸು ಮುಂಚೆ, ಕರ್ನಾಟಕದ ಗ್ರಂಥಾಲಯ ಇಲಾಖೆ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ತೆರೆದಿತ್ತು. ಕಾಲ ಕೂಡಿಬಂದಂತೆ ಆಯಿತು. ಸ್ಪರ್ಧಾ ಪರೀಕ್ಷೆಗೆ ಓದುವವರಿಗೆ, ಪಠ್ಯಪುಸ್ತಕ ಬೇಕಾದ ವಿದ್ಯಾರ್ಥಿಗಳಿಗೆ ಅದು ನಿಜಕ್ಕೂ ಒದಗಿತು. ಆದರೆ ನೋಂದಣಿಯ ಸಂಖ್ಯೆಯನ್ನೇ ಓದಿನ ಲೆಕ್ಕ ಎಂದು ತಿಳಿಯಬಾರದು. ಮನೆಗೆ ಒಂದೇ ಮೊಬೈಲು, ಅದೂ ಅಪ್ಪ ಕೆಲಸಕ್ಕೆ ಹೋದರೆ ಅವರ ಜತೆ. ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲ. ಕಣ್ಣು ಮಂಜಾದ ಹಿರಿಯರಿಗೆ ಅಂಗೈಯಗಲದ ಪರದೆಯಲ್ಲಿ ಕಾದಂಬರಿ ಓದು ಎಂದರೆ ಓದಿಯಾರೇ?

ಹೊರದೇಶಗಳಲ್ಲೂ ಇದೇ ಪಾಡು ಬೇರೆ ರೂಪದಲ್ಲಿತ್ತು. ಅಮೆರಿಕದಲ್ಲಿ ಮನೆಯಲ್ಲಿ ಇಂಟರ್‌ನೆಟ್ ಇಲ್ಲದವರಿಗಾಗಿ, ಕಟ್ಟಡ ಮುಚ್ಚಿದರೂ ವೈಫೈ ಚಾಲೂ ಇಡಿ ಎಂದು ಅಲ್ಲಿನ ಗ್ರಂಥಾಲಯ ಸಂಘ 2020ರ ಮಾರ್ಚಿಯಲ್ಲೇ ಸೂಚಿಸಿತು. ಜನ ಗ್ರಂಥಾಲಯದ ಹೊರಗೆ ಕಾರಿನಲ್ಲಿ ಕುಳಿತು ಮಕ್ಕಳ ಪಾಠ ಮುಗಿಸಿದರು. ಮೊದಲೇ ಹೇಳಿಟ್ಟ ಪುಸ್ತಕವನ್ನು ಬಾಗಿಲ ಹೊರಗೆ ಮೇಜಿನ ಮೇಲಿಟ್ಟು ಕೊಡುವ ಪದ್ಧತಿ ಎಲ್ಲೆಡೆ ಹಬ್ಬಿತು. ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಗ್ರಂಥಪಾಲಕರನ್ನು ಸೋಂಕಿತರ ಸಂಪರ್ಕ ಪತ್ತೆಹಚ್ಚುವ ಕೆಲಸಕ್ಕೆ ಹಾಕಿದರು. ಯಾವ ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಲೆಕ್ಕ ಇಟ್ಟವರಿಗೆ ಆ ಕೆಲಸ ಹೊಸದೇನೂ ಆಗಿರಲಾರದು! ಟೊರಾಂಟೊದಲ್ಲಿ ಕೆಲವು ಶಾಖೆಗಳು ಆಹಾರ ಹಂಚುವ ಜಾಗಗಳಾದವು.

ಬಾಗಿಲುಗಳು ತೆರೆದದ್ದು ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ. ತಮಿಳುನಾಡಿನಲ್ಲಿ 2020ರ ಸೆಪ್ಟೆಂಬರ್ 1ರಿಂದ, ಮಹಾರಾಷ್ಟ್ರದಲ್ಲಿ ಅಕ್ಟೋಬರ್ 15ರಿಂದ ಗ್ರಂಥಾಲಯಗಳಿಗೆ ಅನುಮತಿ ಸಿಕ್ಕಿತು. 2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಮತ್ತೆ ಮುಚ್ಚಿದವು.

ಯಾವುದಕ್ಕೆ ಬದಲಿ ಸಿಗಲಿಲ್ಲ?

ಪುಸ್ತಕಕ್ಕೆ ಬದಲಿ ದಾರಿ ಸಿಕ್ಕಿತು. ಪಾಠಕ್ಕೂ ಸಿಕ್ಕಿತು. ಪತ್ರಿಕೆಯ ಮೇಜಿಗೆ ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಗಡಿ ಊರಿನಲ್ಲಿ ಕನ್ನಡ ಓದುವವರು ಬೀದಿಗೆ ಎರಡೋ ಮೂರೋ ಮನೆ. ಪ್ರತಿ ಮನೆಗೂ ಪತ್ರಿಕೆ ತರಿಸುವ ಶಕ್ತಿ ಇಲ್ಲ, ತರಿಸಿದರೂ ಅಷ್ಟು ಕಡಿಮೆ ಮನೆಗಳಿಗೆ ಹಾಕಲು ಹುಡುಗ ಬರುವುದಿಲ್ಲ. ಒಂದು ಕನ್ನಡ ಪತ್ರಿಕೆಯನ್ನು ಹದಿನೈದು ಜನ ಹಂಚಿಕೊಂಡು ಓದುವ ಜಾಗ ಎಂದರೆ ವಾಚನಾಲಯದ ಆ ಮೇಜು. ಎದುರಿಗೆ ಕುಳಿತವರು ಮಲಯಾಳ, ತಮಿಳು ಅಥವಾ ಮರಾಠಿ ಪತ್ರಿಕೆ ಓದುತ್ತಿರುತ್ತಾರೆ. ‘ನಿಮ್ಮದರಲ್ಲಿ ಏನು ಬಂದಿದೆ?’ ಎಂದು ಒಬ್ಬರನ್ನೊಬ್ಬರು ಕೇಳುವುದು, ಒಂದೇ ಸುದ್ದಿಗೆ ಎರಡು ಬಣ್ಣ ಕಂಡು ನಗುವುದು ಅಲ್ಲಿ ನಡೆಯುತ್ತಿತ್ತು.

ಎರಡು ವರ್ಷ ಅದು ನಿಂತಿತು. ತಲಪಾಡಿಯ ಬಗ್ಗೆ ಎರಡೂ ಕಡೆ ಸಿಟ್ಟು ಏರಿದ ದಿನಗಳಲ್ಲೇ ಅದು ಇರಲಿಲ್ಲ. ಆ ಜಾಗಕ್ಕೆ ಬಂದದ್ದು ವಾಟ್ಸಾಪ್. ಅಲ್ಲಿ ಕನ್ನಡದವರ ಗುಂಪು ಬೇರೆ, ಮಲಯಾಳದವರ ಗುಂಪು ಬೇರೆ.

ವಾಪಸಾದ ಪುಸ್ತಕಗಳ ಪೆಟ್ಟಿಗೆಯನ್ನು ವಾಚನಾಲಯಗಳು ಮೂಲೆಯಿಂದ ತೆಗೆದು ಬಹಳ ಕಾಲವಾಯಿತು. ಕರ್ನಾಟಕದ ಪಂಚಾಯಿತಿ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಬಂದಿದೆ. ಮಕ್ಕಳು ಬರುತ್ತಿದ್ದಾರೆ. ಪತ್ರಿಕೆಯ ಮೇಜನ್ನು ಗೋಡೆಯ ಬದಿಯಿಂದ ಮತ್ತೆ ನಡುವಿಗೆ ಎಳೆದು, ಸುತ್ತ ಕುರ್ಚಿ ಹಾಕಿದ ಊರುಗಳೆಷ್ಟು ಎಂಬುದನ್ನು ಓದುಗರು ತಮ್ಮ ತಮ್ಮ ಊರಿನಲ್ಲಿ ಒಮ್ಮೆ ಹೋಗಿ ನೋಡಬಹುದು.