ಮಳೆಯನ್ನು ಕಲಿಯುವ ಯಂತ್ರ

ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ರೈತನು ಬಿತ್ತುತ್ತಾನೆ. ಅನಂತರ ಎರಡು ಮೂರು ವಾರ ಮಳೆ ಕೈಕೊಟ್ಟರೆ ಮೊಳಕೆ ಕಮರಿ, ಬೀಜವೂ ಶ್ರಮವೂ ಮಣ್ಣುಪಾಲಾಗುತ್ತವೆ. ಮುಂದಿನ ಮಳೆಯನ್ನು ಮೊದಲೇ ಅರಿಯಲು ಸಾಧ್ಯವೇ?

ಭೌತವಿಜ್ಞಾನದ ಉತ್ತರ ತತ್ತ್ವತಃ ಸರಳವಾದುದು. ವಾಯುಮಂಡಲದ ಇಂದಿನ ಒತ್ತಡ, ಉಷ್ಣತೆ, ಆರ್ದ್ರತೆ ಮತ್ತು ಗಾಳಿಯ ವೇಗ ತಿಳಿದಿದ್ದರೆ, ಚಲನೆಯ ಮತ್ತು ಉಷ್ಣದ ನಿಯಮಗಳಿಂದ ನಾಳೆಯ ಸ್ಥಿತಿಯನ್ನು ಗಣಿಸಬಹುದು. ಆದರೆ ಗಣನೆಯ ಹೊರೆ ಅಪಾರ. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ವಿಜ್ಞಾನಿ 1910ರ ಮೇ 20ರ ಹವೆಯನ್ನು ಹೀಗೆ ಕೈಯಿಂದಲೇ ಲೆಕ್ಕಹಾಕಿ ನೋಡಿದನು. 6 ಗಂಟೆಗಳಲ್ಲಿ ಒತ್ತಡವು 145 ಮಿಲಿಬಾರು ಏರಬೇಕೆಂದು ಲೆಕ್ಕ ಹೇಳಿತು. ವಾಸ್ತವವಾಗಿ ಅದು ಹೆಚ್ಚು ಕಡಮೆ ಸ್ಥಿರವಾಗಿತ್ತು! ಈ ಸೋಲನ್ನು ಮುಚ್ಚಿಡದೆ ಅವನು 1922ರಲ್ಲಿ ತನ್ನ ಗ್ರಂಥದಲ್ಲಿ ಪ್ರಕಟಿಸಿದನು. ಗಣಕಯಂತ್ರಗಳು ಬಂದ ಮೇಲೆ ಅವನ ಮಾರ್ಗವೇ ರಾಜಮಾರ್ಗವಾಯಿತು.

ಈಚೆಗೆ ಇನ್ನೊಂದು ಮಾರ್ಗವೂ ತೆರೆದಿದೆ. ಆಕಾಶವನ್ನು ನೋಡಿ ಮಳೆಯನ್ನು ಹೇಳುವ ಹಳ್ಳಿಯ ಹಿರಿಯನು ಸಮೀಕರಣಗಳನ್ನು ಬಿಡಿಸುವುದಿಲ್ಲ. ಕಳೆದ ಮಳೆಗಾಲಗಳ ಅನುಭವವೇ ಅವನಿಗೆ ಗುರು. ಯಂತ್ರವೂ ಹಾಗೆ ಕಲಿಯಬಲ್ಲುದು. ಗೂಗಲ್ ಡೀಪ್‌ಮೈಂಡ್ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ 'ಗ್ರಾಫ್‌ಕಾಸ್ಟ್' ತಂತ್ರಾಂಶಕ್ಕೆ 1979ರಿಂದ 2017ರವರೆಗಿನ ವಾಯುಮಂಡಲದ ದಾಖಲೆಗಳೇ ಪಾಠ. ಒಂದು ದಿನದ ಬೆಳಗಿನ 6 ಗಂಟೆಯ ಮತ್ತು ಮಧ್ಯಾಹ್ನ 12 ಗಂಟೆಯ ಸ್ಥಿತಿಗಳನ್ನು ಕೊಟ್ಟು, ಸಂಜೆ 6ರ ಸ್ಥಿತಿ ಏನೆಂದು ಅದನ್ನು ಕೇಳುತ್ತಾರೆ. ಉತ್ತರ ತಪ್ಪಾದರೆ, ತಪ್ಪು ಕಡಮೆಯಾಗುವಂತೆ ಅದರೊಳಗಿನ 3.67 ಕೋಟಿ ಗುಣಕಗಳನ್ನು ತುಸುತುಸುವೇ ತಿದ್ದಲಾಗುತ್ತದೆ. ಲಕ್ಷಾಂತರ ಸಲ ಹೀಗೆ ತಿದ್ದಿಸಿಕೊಂಡ ಯಂತ್ರವು 10 ದಿನಗಳ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಡುತ್ತದೆ. ಪರೀಕ್ಷಿಸಿದ ಅಳತೆಗಳಲ್ಲಿ ಶೇಕಡ 90ರಷ್ಟರಲ್ಲಿ ಅದು ಯುರೋಪಿನ ಮುನ್ಸೂಚನಾ ಕೇಂದ್ರದ ಸಮೀಕರಣಾಧಾರಿತ ಗಣನೆಯನ್ನು ಮೀರಿಸಿತು.

ಹಾಗಾದರೆ ನಾವು ತರಗತಿಯಲ್ಲಿ ಕಲಿಯುವ ನಿಯಮಗಳು ಇನ್ನು ವ್ಯರ್ಥವೇ? ಅಲ್ಲ. ಯಂತ್ರವು ಓದಿದ ಆ ದಾಖಲೆಗಳು ಬರಿಯ ವೀಕ್ಷಣೆಗಳಲ್ಲ. ವೀಕ್ಷಣೆಯಿಲ್ಲದ ಎಡೆಗಳನ್ನು ಅದೇ ಭೌತ ಸಮೀಕರಣಗಳಿಂದ ತುಂಬಿ ಅವುಗಳನ್ನು ಸಿದ್ಧಪಡಿಸಲಾಗಿದೆ. ಶಿಷ್ಯನು ಗುರುವನ್ನು ಮೀರಿಸಿರಬಹುದು. ಪಾಠ ಮಾತ್ರ ಗುರುವಿನದೇ. ಅದಲ್ಲದೆ, ಅನುಭವವು ಕಂಡದ್ದನ್ನಷ್ಟೇ ಬಲ್ಲುದು. ಭೂಮಿಯು ಬಿಸಿಯಾಗುತ್ತಿರುವ ಈ ಕಾಲದಲ್ಲಿ ಹಿಂದೆಂದೂ ಕಾಣದ ಮಳೆ ಬಂದರೆ ಅನುಭವವು ತಡವರಿಸಬಹುದು. ಪ್ರಕೃತಿಯ ನಿಯಮವಾದರೋ ಅಲ್ಲಿಯೂ ಬದಲಾಗದು.

ಆದುದರಿಂದಲೇ ಎರಡು ಮಾರ್ಗಗಳನ್ನೂ ಕೂಡಿಸುವ ಯತ್ನ ನಡೆದಿದೆ. 2024ರಲ್ಲಿ ಪ್ರಕಟವಾದ 'ನ್ಯೂರಲ್ ಜಿಸಿಎಂ' ತಂತ್ರಾಂಶದಲ್ಲಿ ವಾಯುಮಂಡಲದ ದೊಡ್ಡ ಪ್ರವಾಹಗಳನ್ನು ಸಮೀಕರಣಗಳು ಗಣಿಸುತ್ತವೆ. ಮೋಡದಂತಹ ಸಣ್ಣ ಅಳತೆಯ ವ್ಯಾಪಾರಗಳನ್ನು ಕಲಿತ ಭಾಗವು ನೋಡಿಕೊಳ್ಳುತ್ತದೆ. 2025ರಲ್ಲಿ ಭಾರತದ ಕೃಷಿ ಸಚಿವಾಲಯವು ಇಂತಹ ತಂತ್ರಾಂಶಗಳ ನೆರವಿನಿಂದ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮುಂಗಾರಿನ ಮುನ್ಸೂಚನೆಯನ್ನು ಕಳುಹಿಸಿತು. ಆ ವರ್ಷ ಬೇಗನೆ ಬಂದ ಮುಂಗಾರು ನಡುವೆ ಸುಮಾರು 20 ದಿನ ಮುನ್ನಡೆಯದೆ ನಿಂತಿತು. ಈ ತಡೆಯನ್ನು ಮುನ್ಸೂಚನೆಯು ಮೊದಲೇ ಗುರುತಿಸಿತ್ತು.

ಬಿತ್ತನೆಯನ್ನು ತುಸು ತಡೆದ ರೈತನಿಗೆ ರಿಚರ್ಡ್‌ಸನ್ನನ ಹೆಸರು ತಿಳಿದಿರಲಾರದು. ಆದರೂ ಉಳಿದ ಆ ಬೀಜದಲ್ಲಿ ಅವನ ತಪ್ಪು ಲೆಕ್ಕಕ್ಕೂ ಒಂದು ಪಾಲುಂಟು.