ಚೀಟಿಯಲ್ಲಿ ಕಾಣದ ಜಿಡ್ಡಿನ ಕಥೆ

ಬೆಣ್ಣೆ, ಮೆಕ್ಕೆಜೋಳದ ಎಣ್ಣೆ, ಕಡಲೆಕಾಯಿ ಎಣ್ಣೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ವಿಸ್ಲರ್ ಅವರ ತಂಡ ರೀಸಸ್ ಕೋತಿಗಳ ಆಹಾರಕ್ಕೆ ಕೊಲೆಸ್ಟರಾಲ್ ಬೆರೆಸಿ, ಈ ಮೂರು ಜಿಡ್ಡುಗಳಲ್ಲಿ ಒಂದೊಂದನ್ನು ಒಂದೊಂದು ಗುಂಪಿಗೆ ತಿನ್ನಿಸಿತು. 1974ರಲ್ಲಿ ಪ್ರಕಟವಾದ ಫಲಿತಾಂಶ ಸಂಶೋಧಕರನ್ನು ಯೋಚನೆಗೆ ಹಚ್ಚಿತು. ಬೆಣ್ಣೆ ತಿಂದ ಕೋತಿಗಳ ರಕ್ತದಲ್ಲಿ ಕೊಲೆಸ್ಟರಾಲ್ ಎಲ್ಲಕ್ಕಿಂತ ಹೆಚ್ಚು ಏರಿತ್ತು, ಅದು ನಿರೀಕ್ಷಿತವೇ. ಕಡಲೆಕಾಯಿ ಎಣ್ಣೆಯ ಗುಂಪಿನಲ್ಲಿ ಅಷ್ಟೇನೂ ಏರಿರಲಿಲ್ಲ, ಆದರೂ ರಕ್ತನಾಳದ ಗೋಡೆ ನಾರುಗಟ್ಟಿ ದಪ್ಪವಾಗಿತ್ತು. ರಕ್ತ ಹೇಳಿದ್ದು ಒಂದು, ನಾಳ ಹೇಳಿದ್ದು ಇನ್ನೊಂದು. ತಿಂದ ಜಿಡ್ಡು ಮೈಯೊಳಗೆ ಏನು ಮಾಡುತ್ತದೆಂಬುದನ್ನು ಕೊಲೆಸ್ಟರಾಲ್ ಅಂಕಿಯೊಂದರಿಂದಲೇ ಅಳೆಯಲಾಗದು ಎಂಬ ತಿಳಿವಳಿಕೆ ಇಂಥ ಪ್ರಯೋಗಗಳಿಂದ ಮೆಲ್ಲಮೆಲ್ಲನೆ ಮೂಡಿತು.

ಈ ಹುಡುಕಾಟ ಶುರುವಾದದ್ದು ಮೊಲಗಳಿಂದ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೊವ್ ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ಕೊಟ್ಟರು. ಅವುಗಳ ರಕ್ತನಾಳಗಳಲ್ಲಿ ಜಿಡ್ಡು ಕಟ್ಟಿತು. ಹುಲ್ಲು ಮೇಯುವ ಪ್ರಾಣಿಯ ಪಾಡು ಮನುಷ್ಯನಿಗೆ ಹೇಗೆ ಅನ್ವಯಿಸೀತು ಎಂದು ಹಲವರು ಕೇಳಿದರು. ಇಲಿ, ನಾಯಿಗಳು ಅಷ್ಟು ಸುಲಭವಾಗಿ ಈ ರೋಗಕ್ಕೆ ಬಗ್ಗದ್ದರಿಂದ ಆ ಪ್ರಶ್ನೆಗೆ ತೂಕವೂ ಇತ್ತು. ಉತ್ತರಕ್ಕೆ ಮನುಷ್ಯನ ಹತ್ತಿರದ ಬಂಧುಗಳೇ ಬೇಕಾದವು. ಹಾರ್ವರ್ಡ್‌ನಲ್ಲಿ ಜಾರ್ಜ್ ಮ್ಯಾನ್ ಮತ್ತು ಸಂಗಡಿಗರು ಸೀಬಸ್ ಮಂಗಗಳಿಗೆ ಕೊಲೆಸ್ಟರಾಲ್ ಹೆಚ್ಚಿರುವ, ಗಂಧಕಯುಕ್ತ ಅಮೈನೊ ಆಮ್ಲಗಳು ಕಡಿಮೆಯಿರುವ ಆಹಾರ ಕೊಟ್ಟು, ಅವುಗಳಲ್ಲೂ ನಾಳಗಳು ಕೆಡುತ್ತವೆಂದು 1953ರಲ್ಲಿ ತೋರಿಸಿದರು. 1970ರಲ್ಲಿ ಅಯೋವಾದ ಮಾರ್ಕ್ ಆರ್ಮ್‌ಸ್ಟ್ರಾಂಗ್ ಇನ್ನೂ ಮುಂದೆ ಹೋದರು. ಮೊಟ್ಟೆಯ ಹಳದಿ ತಿಂದು ಹೃದಯದ ನಾಳ ಕಿರಿದಾಗಿದ್ದ ರೀಸಸ್ ಕೋತಿಗಳ ಆಹಾರ ಬದಲಿಸಿ ಕೊಲೆಸ್ಟರಾಲ್ ಇಳಿಸಿದಾಗ, ಕಟ್ಟಿದ್ದ ಜಿಡ್ಡು ಬಹುಮಟ್ಟಿಗೆ ಇಳಿದು ನಾಳ ಮತ್ತೆ ತೆರೆದುಕೊಂಡಿತು.

ಹಾಗಾದರೆ ಅಂಕಿ ಇಳಿಸಿದರೆ ಸಾಕಲ್ಲವೇ? ಇಲ್ಲ ಎನ್ನಲು ಕಾರಣ 1995ರ ಒಂದು ವರದಿ. ಅಮೆರಿಕದ ವೇಕ್ ಫಾರೆಸ್ಟ್‌ನಲ್ಲಿ ಲಾರೆನ್ಸ್ ರೂಡೆಲ್ ಆಫ್ರಿಕಾದ ಹಸಿರು ಕೋತಿಗಳನ್ನು ಐದು ವರ್ಷ ಗಮನಿಸಿದರು. ಒಲೀಕ್ ಆಮ್ಲ ಹೇರಳವಾಗಿರುವ ಕೊಬ್ಬು ತಿಂದವುಗಳಲ್ಲಿ ಕೊಲೆಸ್ಟರಾಲ್ ಹೊತ್ತೊಯ್ಯುವ ಎಲ್‌ಡಿಎಲ್, ಸ್ಯಾಚುರೇಟೆಡ್ ಕೊಬ್ಬು ತಿಂದವುಗಳಿಗಿಂತ ಕಡಿಮೆಯಿತ್ತು. ಹೃದಯದ ನಾಳದ ರೋಗ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಿಜವಾದ ರಕ್ಷಣೆ ಸಿಕ್ಕಿದ್ದು ಪಾಲಿಅನ್‌ಸ್ಯಾಚುರೇಟೆಡ್ ಕೊಬ್ಬಿನ ಗುಂಪಿಗೆ. ಎಲ್‌ಡಿಎಲ್ ಕಣಗಳು ಎಷ್ಟಿವೆ ಎಂಬುದರ ಜೊತೆಗೆ ಅವುಗಳ ಹೊಟ್ಟೆಯಲ್ಲಿ ಏನಿದೆ ಎಂಬುದೂ ಮುಖ್ಯವೆಂದು ಇದರಿಂದ ತಿಳಿಯಿತು.

ಇನ್ನು ಹೆಪ್ಪಿನ ಮಾತು. ಹೃದಯಾಘಾತ ಬಹುತೇಕ ಆಗುವುದು ನಾಳದಲ್ಲಿ ಕಟ್ಟಿದ ಜಿಡ್ಡು ಒಡೆದು ಅಲ್ಲಿ ರಕ್ತ ಹೆಪ್ಪುಗಟ್ಟಿದಾಗ. ಹೆಪ್ಪುಗಟ್ಟಿಸುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳ ಪೊರೆಯೇ ನಾವು ತಿಂದ ಕೊಬ್ಬಿನಿಂದ ರೂಪುಗೊಳ್ಳುತ್ತದೆ. ಅದರಲ್ಲಿರುವ ಅರಾಕಿಡೋನಿಕ್ ಆಮ್ಲದಿಂದ ಥ್ರಾಂಬೊಕ್ಸೇನ್ ಹುಟ್ಟಿ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಮೀನೆಣ್ಣೆಯ ಒಮೇಗಾ-3 ಆ ಜಾಗ ಹಿಡಿದರೆ ಅಂಟು ಸಡಿಲವಾಗುತ್ತದೆ. 1993ರಲ್ಲಿ ಲಾರೆನ್ಸ್ ಹಾರ್ಕರ್ ತಂಡ ಬಬೂನ್‌ಗಳಿಗೆ ಬಹಳ ದೊಡ್ಡ ಪ್ರಮಾಣದಲ್ಲಿ ಒಮೇಗಾ-3 ಕೊಟ್ಟಾಗ, ಶಸ್ತ್ರಕ್ರಿಯೆಯಿಂದ ಗಾಯವಾದ ಕತ್ತಿನ ನಾಳದಲ್ಲಿ ಹೆಪ್ಪು ಕೂರುವುದು ನಿಂತಿತು. ಮೀನೆಣ್ಣೆಯಿಂದ ಎಲ್‌ಡಿಎಲ್ ಸಾಮಾನ್ಯವಾಗಿ ಇಳಿಯುವುದಿಲ್ಲ. ಹಾಗಾಗಿ ಈ ಲಾಭ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವಂಥದ್ದಲ್ಲ.

ಕೋತಿಗಳಿಗೆ ಕೊಟ್ಟ ಕೊಲೆಸ್ಟರಾಲ್ ಯಾವ ಮನೆಯ ಊಟದಲ್ಲೂ ಇರದಷ್ಟು ಎಂಬ ಆಕ್ಷೇಪ ಸರಿಯೇ. ಅದಕ್ಕೇ ಷಿಕಾಗೊ ಪ್ರಯೋಗವನ್ನು ನಮ್ಮ ಒಗ್ಗರಣೆಯ ಕಡಲೆಕಾಯಿ ಎಣ್ಣೆಯ ಮೇಲಿನ ತೀರ್ಪೆಂದು ಓದಬಾರದು. ಅಂಕಿಗೆ ಬೆಲೆಯೇ ಇಲ್ಲವೆನ್ನುವ ವಾದವೂ ನಿಲ್ಲದು. ಆರ್ಮ್‌ಸ್ಟ್ರಾಂಗ್ ಅವರ ಕೋತಿಗಳು ಚೇತರಿಸಿಕೊಂಡದ್ದು ಕೊಲೆಸ್ಟರಾಲ್ ಇಳಿದ ಮೇಲೆಯೇ. ಅಂಕಿ ಬೇಕು, ಆದರೆ ಅದು ಮೂರು ಸಾಕ್ಷಿಗಳಲ್ಲಿ ಒಂದು. ನಾಳದ ಗೋಡೆ ಮತ್ತು ಹೆಪ್ಪು ಉಳಿದೆರಡು. ಭಾರತ 1978ರಲ್ಲಿ ರಫ್ತು ನಿಲ್ಲಿಸುವವರೆಗೆ ಅಮೆರಿಕದ ಪ್ರಯೋಗಾಲಯಗಳಿಗೆ ರೀಸಸ್ ಕೋತಿಗಳು ಮುಖ್ಯವಾಗಿ ಹೋಗುತ್ತಿದ್ದುದು ನಮ್ಮ ನೆಲದಿಂದಲೇ. ಅವು ಜೀವ ತೆತ್ತು ಕೊಟ್ಟ ಸಾಕ್ಷ್ಯದಲ್ಲಿ ಮೂರನೇ ಒಂದು ಪಾಲನ್ನಷ್ಟೇ ಓದಿ ಎಣ್ಣೆಯ ಗುಣ ನಿರ್ಧರಿಸುವುದು ಆ ಜೀವಗಳಿಗೂ ನಮ್ಮ ಹೃದಯಕ್ಕೂ ಮಾಡುವ ಅನ್ಯಾಯ.